ಬಣಗಾರ ಓಣಿಯ ಗದ್ದಲ

ನೂಲದಿನ್ನಿ ಪಟ್ಟಣದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕುಳಿತರೆ, ಹೋಳಿ ಹುಣ್ಣಿವೆಯ ಮರುದಿನ ಬೆಳಗ್ಗೆ ಹತ್ತೂವರೆಗೆ ಬಣಗಾರ ಓಣಿಯಲ್ಲಿ ನಡೆದ ಘಟನೆಗೆ ಒಂದಿಡೀ ಅಧ್ಯಾಯ ಮೀಸಲಿಡದೆ ಗತಿಯಿಲ್ಲ. ಆ ಮುಹೂರ್ತದಲ್ಲಿ, ದ್ಯಾಮವ್ವ ಗೊರಬಾಳಳ ಮನೆಯಿಂದ ಎದುರುಮನೆಯ ಕಾಶಿಬಾಯಿ ಮುರನಾಳಳ ಮನೆಗೆ ಒಂದು ಸ್ಟೀಲ್ ಡಬ್ಬಿ ಖಾಲಿಯಾಗಿ ಹಿಂತಿರುಗಿತು.

ಖಾಲಿ ಎಂದರೆ ಪೂರ್ತಿ ಖಾಲಿ. ಹಿಂದಿನ ದಿನ ಅದೇ ಡಬ್ಬಿಯಲ್ಲಿ ಹನ್ನೊಂದು ಕರಿಗಡಬು ಹೋಗಿದ್ದವು. ಆ ಸೀಮೆಯಲ್ಲಿ ತಿನಿಸು ತಂದ ಪಾತ್ರೆಯನ್ನು ಬರಿದಾಗಿ ತಿರುಗಿ ಕಳಿಸುವವರಿಲ್ಲ. ಏನೂ ಇಲ್ಲದವರು ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಕಾಶಿಬಾಯಿ ಮುಚ್ಚಳ ತೆಗೆದಳು, ನೋಡಿದಳು, ಮುಚ್ಚಿದಳು. ಆಮೇಲೆ ಬಾಗಿಲನ್ನೂ ಮುಚ್ಚಿದಳು. ಮೂವತ್ತೊಂದು ವರ್ಷ ಹಗಲು ಹೊತ್ತಿನಲ್ಲಿ ಮುಚ್ಚಿರದ ಬಾಗಿಲು ಅದು.

ಜಗಳವಾಗಿದ್ದರೆ ಸಂಜೆಯೊಳಗೆ ಮುಗಿದು ಹೋಗುತ್ತಿತ್ತು. ಆದರೆ ಜಗಳವಾಗಲಿಲ್ಲ, ಮಾತು ನಿಂತಿತು. ಕಾಶಿಬಾಯಿಯ ಕಟ್ಟೆಗೆ ಬರುವವರು ದ್ಯಾಮವ್ವ ನೋಡಿಯಾಳೆಂದು ಬರುವುದು ಬಿಟ್ಟರು. ದ್ಯಾಮವ್ವನ ನಳಕ್ಕೆ ಕೊಡ ತರುವವರು ಕಾಶಿಬಾಯಿ ನೋಡಿಯಾಳೆಂದು ಹಿತ್ತಲ ಬಾವಿಗೆ ಹೋದರು. ಹತ್ತು ದಿನದಲ್ಲಿ ಓಣಿ ಎಷ್ಟು ಸಭ್ಯವಾಯಿತೆಂದರೆ, ತರಕಾರಿಯವನು ಯಾರೋ ತೀರಿಕೊಂಡಿದ್ದಾರೆಂದು ತಿಳಿದು ಕೂಗದೆಯೇ ಗಾಡಿ ತಳ್ಳಿಕೊಂಡು ಹೋದ.

ಅನಸೂಯಾ ಕಮತಗಿಗೆ ಇದೆಲ್ಲ ಗೊತ್ತಾದದ್ದು ಕಣ್ಣಿನಿಂದಲ್ಲ, ಅಂಕಿಯಿಂದ. ಅಂಗನವಾಡಿಯಿಂದ ನಿವೃತ್ತಳಾದ ಮೇಲೆ ಹನ್ನೆರಡು ದಿನದ ತರಬೇತಿ ಮುಗಿಸಿ ಆಕೆ ಬಣಗಾರ ಓಣಿಯ ವೈ-ಫೈ ನೋಡಿಕೊಳ್ಳುವ ನಿಸ್ತಂತು ಪಾಲಕಿಯಾಗಿದ್ದಳು. ಓಣಿಯ ಎರಡು ತುದಿಗೆ ಕಂಬದ ಮೇಲಿರುವ ಎರಡು ಬೂದು ಪೆಟ್ಟಿಗೆಗಳ ಧೂಳು ಒರೆಸುವುದು, ಅವುಗಳಲ್ಲಿ ಪಾರಿವಾಳ ಸಂಸಾರ ಹೂಡದಂತೆ ನೋಡಿಕೊಳ್ಳುವುದು, ಫೋನಿನಲ್ಲಿ ಕಾಣುವ ಒಂದು ಅಂಕಿಯ ಮೇಲೆ ಕಣ್ಣಿಡುವುದು ಆಕೆಯ ಕೆಲಸ. ಆ ಅಂಕಿಗೆ ಸರ್ಕಾರಿ ಕಾಗದದಲ್ಲಿ ‘ಯಾದೃಚ್ಛಿಕತಾ ಸೂಚ್ಯಂಕ’ ಎಂಬ ಹೆಸರಿತ್ತು. ಓಣಿಯವರು ಅದನ್ನು ಗದ್ದಲ ಎನ್ನುತ್ತಿದ್ದರು.

ಗದ್ದಲದ ಹಿನ್ನೆಲೆ ಇಷ್ಟು. ಒಂದು ಕಾಲದಲ್ಲಿ ವೈ-ಫೈಗೆ ಪಾಸ್‌ವರ್ಡ್ ಎಂಬುದಿತ್ತು. ಜನ ಅದಕ್ಕೆ ಮಗಳ ಹೆಸರಿಟ್ಟು, ಮರೆಯಬಾರದೆಂದು ಗೋಡೆಯ ಮೇಲೆ ಬರೆದು, ಬಂದ ಬೀಗರಿಗೆಲ್ಲ ಓದಿ ಹೇಳಿ, ಬಹಳ ಗುಟ್ಟಾಗಿ ಕಾಪಾಡುತ್ತಿದ್ದರು. ಆಮೇಲೆ ಎಂಥ ಗುಟ್ಟಿನ ಅಂಕಿಯನ್ನೂ ಎರಡು ನಿಮಿಷದಲ್ಲಿ ಒಡೆಯುವ ಯಂತ್ರಗಳು ಬಂದು, ಜಗತ್ತಿನ ಬೀಗಗಳೆಲ್ಲ ಒಂದೇ ವರ್ಷದಲ್ಲಿ ಅಲಂಕಾರದ ವಸ್ತುಗಳಾದವು. ಆಗ ಹುಟ್ಟಿದ್ದು ಈ ಉಪಾಯ. ಎರಡು ಪೆಟ್ಟಿಗೆಗಳು ನಿಮಿಷಕ್ಕೊಮ್ಮೆ ಒಂದಕ್ಕೊಂದು ಕೂಗು ಹಾಕುತ್ತವೆ. ಕೂಗು ನೆಟ್ಟಗೆ ಹೋಗುವುದಿಲ್ಲ. ಗೋಡೆಗೆ ಬಡಿದು, ಒಣಹಾಕಿದ ಸೀರೆಗೆ ಸವರಿ, ಕೊಡ ಹೊತ್ತವಳ ಸೊಂಟ ಬಳಸಿ, ಅಡ್ಡ ಬಂದ ಎಮ್ಮೆಯಿಂದ ಪುಟಿದು, ನೂರು ಚೂರಾಗಿ ಆಚೆ ತುದಿ ಮುಟ್ಟುತ್ತದೆ. ಆಚೆಯಿಂದ ಬರುವ ಕೂಗೂ ಅದೇ ದಾರಿಯಲ್ಲಿ ಹಾಗೆಯೇ ಚೂರಾಗುತ್ತದೆ. ಹೀಗಾಗಿ ಎರಡೂ ಪೆಟ್ಟಿಗೆ ಕೇಳುವುದು ಒಂದೇ ಗಜಿಬಿಜಿ. ಆ ಗಜಿಬಿಜಿಯೇ ಆ ನಿಮಿಷದ ಬೀಗದಕೈ. ನಾಲ್ಕು ಮಾರು ಆಚೆ ಕಿವಿ ಹಚ್ಚಿ ನಿಂತ ಕಳ್ಳನಿಗೆ ಬೇರೆಯೇ ಗಜಿಬಿಜಿ ಕೇಳಿಸುತ್ತದೆ. ಅವನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಎಮ್ಮೆ ಮುಂದೆ ಹೋಗಿ ಬೀಗದಕೈ ಬದಲಾಗಿರುತ್ತದೆ.

ಇದಕ್ಕೆ ಒಂದೇ ಷರತ್ತು. ಓಣಿಯಲ್ಲಿ ಜನ ಅಡ್ಡಾಡುತ್ತಿರಬೇಕು.

ಮೊದಲು ಎಪ್ಪತ್ತರ ಆಸುಪಾಸಿನಲ್ಲಿದ್ದ ಬಣಗಾರ ಓಣಿಯ ಗದ್ದಲ ಆ ಶನಿವಾರ ಮೂವತ್ತೊಂದಕ್ಕೆ ಇಳಿದಿತ್ತು. ನಲವತ್ತರ ಕೆಳಗಿದ್ದರೆ ಅಪಾಯ.

ನಿಯಂತ್ರಣ ಕೊಠಡಿ ಇದ್ದದ್ದು ಹಳೆಯ ನೂಲಿನ ಸೊಸೈಟಿಯ ಮಾಳಿಗೆಯ ಮೇಲೆ. ಅಲ್ಲಿ ಗೋಡೆ ತುಂಬ ಪರದೆಗಳು. ಪ್ರತಿ ಓಣಿಗೂ ಒಂದೊಂದು ಕುಣಿಯುವ ಗೆರೆ. ಎಂಜಿನಿಯರ್ ಮೆಹರುನ್ನಿಸಾ ನದಾಫ ಎಂಬ ಇಪ್ಪತ್ತೆಂಟರ ಹುಡುಗಿ ಬಣಗಾರ ಓಣಿಯ ಗೆರೆಯನ್ನು ಬೆರಳಿನಿಂದ ತೋರಿಸಿದಳು. ಅದು ಮಲಗಿತ್ತು.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಒಂದು ಕೇಳ್ತೀನಿ. ಮುಂಜಾನೆ ಪಡಸಾಲ್ಯಾಗ ಫ್ಯಾನಿಗೆ ಹೊಳೆಯೂ ಬೆಗಡಿ ಕಾಗದ ಕಟ್ಟಿ ತಿರುಗಿಸಿದ್ರೇನು?”

ಅನಸೂಯಾ ಸೆರಗು ಸರಿಮಾಡಿಕೊಂಡಳು. “ನಿನಗ್ಯಾರು ಹೇಳಿದ್ರು?”

“ಯಾರ ಹೇಳಬೇಕ್ರೀ? ಅಂಕಿ ಐವತ್ತೆರಡಕ್ಕ ಜಿಗೀತು. ಮೂರು ನಿಮಿಷದಾಗ ಯಂತ್ರ ಕಂಡು ಹಿಡೀತು, ಇದು ತಿರುಗಿದ್ದ ತಿರುಗತೈತಿ ಅಂತ. ಫ್ಯಾನು ಲೆಕ್ಕಕ್ಕ ಬರೂದಿಲ್ರಿ. ಮಗ್ಗಾನೂ ಬರೂದಿಲ್ಲ. ಮುಂದ ಏನಾಗತೈತಿ ಅನ್ನೂದು ಗೊತ್ತಿದ್ರ ಅದು ಗುಟ್ಟಲ್ಲ. ಮನಷ್ಯಾರ ಬೇಕು.”

“ಮನಷ್ಯಾರು ಬಾಗಿಲಾ ಹಾಕ್ಕೊಂಡು ಕುಂತಾರವಾ.”

ಮೆಹರುನ್ನಿಸಾ ಇನ್ನೊಂದು ಪರದೆಯನ್ನು ತೋರಿಸಿದಳು. ಕೂಡುರಸ್ತೆಯ ಹತ್ತಿರ ಎಲ್ಲೋ ಒಂದು ಪೆಟ್ಟಿಗೆ ನಾಲ್ಕು ದಿನದಿಂದ ಬಣಗಾರ ಓಣಿಯ ಹೆಸರನ್ನೇ ಇಟ್ಟುಕೊಂಡು, ಅಸಲಿಗಿಂತ ಜೋರಾಗಿ ಕೂಗುತ್ತ ಕುಳಿತಿತ್ತು. ಮೂಕವಾದ ಓಣಿಯ ಬೀಗದಕೈಗಳು ಒಂದರಂತೆ ಒಂದು ಇರುತ್ತವೆ, ತಾಳ್ಮೆಯಿದ್ದವನು ಊಹಿಸಬಲ್ಲ. ಈ ನಕಲಿಗೆ ತಾಳ್ಮೆಯಿತ್ತು.

“ಸೋಮವಾರ ಮುಂಜಾನೆ ಏಳರಿಂದ ಎಂಟು ಅಳತಿ ಮಾಡ್ತೀನ್ರಿ. ನಲವತ್ತು ದಾಟಿದ್ರ ಸರಿ. ಇಲ್ಲಂದ್ರ ನಿಮ್ಮ ಓಣಿ ಸಂಪರ್ಕ ಕಡಿಬೇಕಾಗತೈತಿ. ನನ್ನ ಕೈಯಾಗ ಇಲ್ರಿ ಅದು. ಓಣಿ ತುದಿಗೆ ಆ ಯಂತ್ರ ಐತೆಲ್ಲ...”

ಆ ಯಂತ್ರದ ವಿಷಯವನ್ನು ಅನಸೂಯಾಗೆ ಯಾರೂ ಹೇಳಬೇಕಾಗಿರಲಿಲ್ಲ. ಓಣಿಯ ತುದಿಯ ಆರೋಗ್ಯ ಕೋಣೆಯಲ್ಲಿ ಡಯಾಲಿಸಿಸ್ ಯಂತ್ರವಿತ್ತು. ಸೂಜಿ ಚುಚ್ಚಲು ಇಲ್ಲಿ ಒಬ್ಬ ನರ್ಸು. ಎಷ್ಟು ನೀರು ತೆಗೆಯಬೇಕು, ಯಾವ ವೇಗದಲ್ಲಿ ಎಂದು ಯಂತ್ರಕ್ಕೆ ಆಜ್ಞೆ ಕೊಡುವ ಡಾಕ್ಟರು ಬಾಗಲಕೋಟೆಯಲ್ಲಿ. ಆಜ್ಞೆ ಬರುವುದು ಗಾಳಿಯಲ್ಲಿ. ನಡುದಾರಿಯಲ್ಲಿ ಯಾರೋ ಒಂದು ಅಂಕಿ ತಿದ್ದಿದರೆ ಮನುಷ್ಯ ಕುಳಿತಲ್ಲೇ ಹೋಗುತ್ತಾನೆ. ಆ ಯಂತ್ರದ ಮೇಲೆ ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಎಂಟರಿಂದ ಹನ್ನೆರಡರವರೆಗೆ ಕೂರುವವನು ವಿರೂಪಣ್ಣ, ಅನಸೂಯಾಳ ಗಂಡ.

ವಿರೂಪಣ್ಣ ಕುಪ್ಪಸದ ಖಣಕ್ಕೆ ನಕ್ಷೆ ಬರೆಯುವವನು. ಯಂತ್ರ ಬರುವ ಮೊದಲು ಎಂಟು ತಿಂಗಳು ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಬಾಗಲಕೋಟೆಗೆ ಹೋಗಿ ಬಂದಿದ್ದ. ಆ ಎಂಟು ತಿಂಗಳಲ್ಲಿ ಅವನ ಪೆನ್ಸಿಲು ಒಂದು ಗೆರೆ ಎಳೆದಿರಲಿಲ್ಲ. ಶನಿವಾರ ಮಧ್ಯಾಹ್ನ ಅನಸೂಯಾ ಸುದ್ದಿ ಹೇಳಿದಾಗ ಅವನು ಚೌಕಳಿ ಕಾಗದದ ಮೇಲೆ ತೇರಿನಷ್ಟು ದೊಡ್ಡ ನವಿಲನ್ನು ಬೆರಳಷ್ಟಕ್ಕೆ ಇಳಿಸುತ್ತಿದ್ದ. ತಲೆ ಎತ್ತಲಿಲ್ಲ.

“ಮತ್ತ ಆ ಬಸ್ಸು ನಾ ಹತ್ತೂದಿಲ್ಲ ನೋಡು.”

“ಹತ್ತೂದಿಲ್ಲ ಅಂದ್ರ?”

“ಹತ್ತೂದಿಲ್ಲ ಅಂದ್ರ ಹತ್ತೂದಿಲ್ಲ. ಹೋಗೂ ಮುಂದ ಅರ್ಧಾ ಜೀವ, ಬರೂ ಮುಂದ ಕಾಲು ಜೀವ. ಅದಕ್ಕಿಂತ ಇಲ್ಲೇ ಈ ನವಿಲಿನ ಬಾಲ ಮುಗಿಸಿ ಹೋಗತೀನಿ.” ಆಮೇಲೆ ಹೆಂಡತಿಯ ಮುಖ ನೋಡಿ ನಗೆಯಾಡಿದ: “ಬಾಲಕ್ಕ ಇನ್ನೂ ಟೈಮ್ ಹಿಡಿತೈತಿ, ಅಂಜಬ್ಯಾಡ.”

ಅವನು ಸುಮ್ಮನೆ ಹೇಳುವ ಮನುಷ್ಯನಲ್ಲ ಎಂಬುದೇ ಮೂವತ್ತು ವರ್ಷದಿಂದ ಅನಸೂಯಾಳ ತಕರಾರಾಗಿತ್ತು.

ಭಾನುವಾರ ಆಕೆ ಎರಡೂ ಮನೆಗೆ ಹೋಗಿ, ಗದ್ದಲದ ವಿಷಯ, ಯಂತ್ರದ ವಿಷಯ, ಬಸ್ಸಿನ ವಿಷಯ ಬಿಡಿಸಿ ಹೇಳಿದಳು.

“ಅಯ್ಯ, ವಿರೂಪಣ್ಣಗ ಹಿಂಗಾಗಬಾರದಿತ್ತ ಬೇ,” ಎಂದು ಕಾಶಿಬಾಯಿ ಕಣ್ಣೊರೆಸಿಕೊಂಡಳು. “ನಾ ಈಗಿಂದೀಗ ಕಟ್ಟಿ ಮ್ಯಾಲ ಬಂದು ಕೂಡತೀನಿ. ಅಕಿ ಮೊದಲ ಬಂದು ಮಾತಾಡಿಸ್ಲಿ.”

“ನಾ ಏನ್ ಕಲ್ಲೇನು?” ಎಂದು ದ್ಯಾಮವ್ವ ಎದೆ ಮುಟ್ಟಿಕೊಂಡಳು. “ವಿರೂಪಣ್ಣ ನನಗ ತಮ್ಮ ಇದ್ದಂಗ. ನಾ ಇಡೀ ದಿನಾ ಅಡ್ಡಾಡತೀನಿ. ಅಕಿ ಮೊದಲ ಬಾಗಿಲಾ ತಗೀಲಿ.”

ಇಬ್ಬರೂ ಸಿದ್ಧ, ಆದರೆ ಮೊದಲ ಹೆಜ್ಜೆ ಮಾತ್ರ ಎದುರಿನವಳದು. ತರಬೇತಿಯಲ್ಲಿ ಇದನ್ನು ಕಲಿಸಿದ್ದರು: ಎರಡು ಪೆಟ್ಟಿಗೆಗಳು ಮಾತು ಶುರುಮಾಡಲು ಮೊದಲು ಒಂದು ಕೈ ಚಾಚಬೇಕು, ಇನ್ನೊಂದು ಹಿಡಿಯಬೇಕು. ಎರಡೂ ಕಾಯುತ್ತ ಕುಳಿತರೆ ಸ್ವಿಚ್ ಆರಿಸಿ ಮತ್ತೆ ಹಾಕಿರಿ ಎಂದು ಪುಸ್ತಕದಲ್ಲಿತ್ತು. ಕಾಶಿಬಾಯಿಯ ಸ್ವಿಚ್ ಎಲ್ಲಿದೆ ಎಂದು ಪುಸ್ತಕದಲ್ಲಿರಲಿಲ್ಲ.

ಅದೇ ಪುಸ್ತಕದ ಇನ್ನೊಂದು ಪುಟ ಅನಸೂಯಾಗೆ ನೆನಪಾದದ್ದು ಸೋಮವಾರ ಬೆಳಗ್ಗೆ ಒಲೆಯ ಮುಂದೆ. ‘ನಡುವೆ ನಿಂತವನ ದಾಳಿ’ ಎಂದು ಅದರ ಹೆಸರು. ನೇರವಾಗಿ ಮಾತಾಡದ ಇಬ್ಬರ ನಡುವೆ ಒಬ್ಬ ನಿಂತು, ಇವರ ಮಾತನ್ನು ಅವರಿಗೆ ತಿದ್ದಿ ಮುಟ್ಟಿಸುವುದು. ಇಬ್ಬರಿಗೂ ಅದು ಎದುರಿನವರದೇ ಮಾತೆಂದು ತೋರುವುದು. ಅತ್ಯಂತ ನೀಚ ದಾಳಿಗಳಲ್ಲಿ ಒಂದು ಎಂದು ಮೇಷ್ಟ್ರು ಹೇಳಿದ್ದರು. ಅನಸೂಯಾ ಆಗ ಅದನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿಕೊಂಡಿದ್ದಳು.

ಓಣಿಯಲ್ಲಿ ಆಕೆಗೆ ಒಂದು ಹೆಸರಿತ್ತು. ಅನಸವ್ವನ ಕಿವಿಗೆ ಬಿದ್ದದ್ದು ಅನಸವ್ವನ ಬಾಯಿಂದ ಹೊರಬೀಳುವುದಿಲ್ಲ. ಮೂವತ್ತು ವರ್ಷದಲ್ಲಿ ಒಂದು ಚಾಡಿ ಹೇಳಿದವಳಲ್ಲ. ಹುಡುಗಿಯರು ತಾಯಂದಿರಿಗೆ ಹೇಳದ್ದನ್ನು ಅವಳಿಗೆ ಹೇಳುತ್ತಿದ್ದರು. ಆಸ್ತಿ ಎಂದು ಅವಳಿಗಿದ್ದದ್ದು ಅದೊಂದೇ.

ಆರೂವರೆಗೆ ಆಕೆ ಕಾಶಿಬಾಯಿಯ ಬಾಗಿಲು ಬಡಿದಳು. “ಕಾಶಕ್ಕಾ, ಹೇಳಬಾರದು... ಕಡಬಿನ್ಯಾಗ ಬೆಲ್ಲನ ಇರಲಿಲ್ಲ, ಬರೇ ಹಿಟ್ಟು ತಿಂದಂಗಾತು ಅಂದಳವಾ ದ್ಯಾಮಕ್ಕ.”

ಆರು ಮೂವತ್ತೈದಕ್ಕೆ ದ್ಯಾಮವ್ವನ ಬಾಗಿಲು. “ದ್ಯಾಮಕ್ಕಾ, ನಿನಗ ಗೊತ್ತಿರ್ಲಿ ಅಂತ ಅಷ್ಟ... ಆ ಮನ್ಯಾಗ ಎಣ್ಣಿ ಕಾಸಿ ವರ್ಷಾಗಿತ್ತು, ಪಾಪ ಅಂತ ಕಡಬು ಕಳಿಸಿದೆ ಅಂತಾಳ ಕಾಶಕ್ಕ.”

ಮೊದಲ ಪ್ರಯತ್ನಕ್ಕೆ ಕೈಚಳಕ ಚೆನ್ನಾಗಿಯೇ ಇತ್ತು. ಆರು ಐವತ್ತಕ್ಕೆ ಎರಡೂ ಬಾಗಿಲು ಒಟ್ಟಿಗೆ ತೆರೆದವು.

ಮುಂದಿನದನ್ನು ವಿವರಿಸಲು ನಿಸ್ತಂತು ಶಾಸ್ತ್ರದಲ್ಲಿ ಒಂದು ಶಬ್ದವಿದೆ: ಡಿಕ್ಕಿ. ಇಬ್ಬರು ಒಂದೇ ಕಾಲಕ್ಕೆ ಒಂದೇ ತರಂಗದಲ್ಲಿ ಮಾತಾಡಿದರೆ ಯಾರ ಮಾತೂ ಯಾರಿಗೂ ಮುಟ್ಟುವುದಿಲ್ಲ. ಯಂತ್ರಗಳಾದರೆ ಎರಡೂ ಹಿಂದೆ ಸರಿದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸುತ್ತವೆ. ಕಾಶಿಬಾಯಿ, ದ್ಯಾಮವ್ವ ಯಾರೂ ಹಿಂದೆ ಸರಿಯಲಿಲ್ಲ.

“ನಾಲಿಗಿ ಐತೇನ ನಿನಗ, ಇಲ್ಲಾ ತೊಗಲೇನ ಅದು?”

“ನಿನ್ನ ಡಬ್ಬಿ ತಂದು ಬಡೀತೀನಿ ನಿನ್ನ ಮಾರಿಗೆ, ತಡಿ!”

“ಬಡಿ ನೋಡೂಣು! ನಿನ್ನ ಮಗಳ ಬಾಣಂತನಕ್ಕ ಮೂರು ತಿಂಗಳು ತುಪ್ಪ ಹೊತ್ತ ಕೈ ಇದು, ತಿಳೀತಿಲ್ಲೋ?”

ಮಗ್ಗಗಳು ನಿಂತವು. ಗಂಡಸರು ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ಬಂದರು. ಹತ್ತು ದಿನ ಬಾಗಿಲ ಹಿಂದೆ ಕುದಿದಿದ್ದ ಹೆಂಗಸರು ಎರಡು ಪಕ್ಷವಾಗಿ, ಆಮೇಲೆ ಮೂರಾಗಿ, ಅಡ್ಡ ಬಂದರು, ಬಿಡಿಸಿದರು, ಬಿಡಿಸಲು ಹೋಗಿ ತಾವೇ ಹತ್ತಿಕೊಂಡರು. ತರಕಾರಿಯವನು ಗಾಡಿಯನ್ನು ನಡುಬೀದಿಯಲ್ಲಿ ನಿಲ್ಲಿಸಿ ಅದರ ಮೇಲೆ ಹತ್ತಿ ನಿಂತ. ಕಾಶಿಬಾಯಿಯ ಬಲಗೈ ಯಾವಾಗ ಮೇಲೆ ಹೋದೀತು, ದ್ಯಾಮವ್ವ ಯಾವಾಗ ತಿರುಗಿ ನಡೆದಂತೆ ಮಾಡಿ ಸರಕ್ಕನೆ ವಾಪಸು ಬಂದಾಳು ಎಂಬುದನ್ನು ಊಹಿಸುವ ಯಂತ್ರ ಇನ್ನೂ ಹುಟ್ಟಿಲ್ಲ.

ಏಳೂಕಾಲಿಗೆ ಮೆಹರುನ್ನಿಸಾಳ ಫೋನು ಬಂತು. “ಅಕ್ಕಾರ, ಎಂಬತ್ನಾಕು! ಏನ್ ನಡಿಸೀರಿ ಅಲ್ಲೆ?”

“ಕೇಳಸವಲ್ದೇನು?”

“ಕೇಳಸ್ತೈತ್ರಿ! ಹಿಂಗ ಇರ್ಲಿ. ನಾ ಡಾಕ್ಟರಿಗೆ ಹೇಳತೀನಿ. ಆದ್ರ ಹನ್ನೆರಡರ ತನಾ ಇರಬೇಕು. ಹತ್ತು ನಿಮಿಷ ಸತತ ನಲವತ್ತರ ಕೆಳಗ ಬಂತು ಅಂದ್ರ ಯಂತ್ರ ತಾನ ನಿಲ್ಲತೈತಿ.”

ಎಂಟಕ್ಕೆ ವಿರೂಪಣ್ಣ ಜಗಳದ ನಡುವೆಯೇ ಹಾದು ಹೋದ. ಇಬ್ಬರೂ ಬೈಗುಳ ನಿಲ್ಲಿಸದೆ ಅವನಿಗೆ ದಾರಿ ಬಿಟ್ಟರು. ಒಂಬತ್ತಕ್ಕೆ ಅಂಕಿ ಎಪ್ಪತ್ತೊಂಬತ್ತು. ಹತ್ತಕ್ಕೆ ಎಂಬತ್ತೊಂದು. ಕೂಡುರಸ್ತೆಯ ನಕಲಿ ಪೆಟ್ಟಿಗೆ ಅಷ್ಟು ಹೊತ್ತಿಗೆ ಸಾವಿರಾರು ತಪ್ಪು ಬೀಗದಕೈ ಹಾಕಿ ನೋಡಿತ್ತು. ಹತ್ತೂಕಾಲಿಗೆ ಅದು ಬಾಯಿ ಮುಚ್ಚಿತು.

ಅನಾಹುತವಾದದ್ದು ಹತ್ತು ನಲವತ್ತಕ್ಕೆ. ದ್ಯಾಮವ್ವ ನೀರು ಕುಡಿಯಲು ನಿಂತಳು. ಕಾಶಿಬಾಯಿಗೂ ಅದೇ ಹೊತ್ತಿಗೆ ಕೆಮ್ಮು ಬಂತು. ನಾಲ್ಕು ತಾಸಿನಲ್ಲಿ ಮೊದಲ ಸಲ ತರಂಗ ಬಿಡುವಾಯಿತು. ಆ ಬಿಡುವಿನಲ್ಲಿ ದ್ಯಾಮವ್ವ ಸಣ್ಣ ದನಿಯಲ್ಲಿ ಅಂದಳು:

“ಸೂತಕ ಇತ್ತ ಬೇ. ಅವತ್ತ ಮುಂಜಾನೆ ಫೋನ್ ಬಂತು, ನಮ್ಮ ಭಾವನವರು ಹೋದ್ರು ಅಂತ. ಸೂತಕದ ಮನಿದು ನಿನ್ನ ಮನಿಗೆ ಹೆಂಗ ಕಳಿಸಲಿ? ಸಕ್ಕರಿ ಕೈಯಾಗ ಹಿಡದು ಮತ್ತ ನಮ್ಮ ಭರಣಿಗೇ ಹಾಕಿದೆ.”

ಕಾಶಿಬಾಯಿಯ ಕೈ ಅರ್ಧದಲ್ಲೇ ನಿಂತಿತು. “ಯಾಕ ಹೇಳಲಿಲ್ಲ?”

“ನೀ ಯಾಕ ಕೇಳಲಿಲ್ಲ?”

ಓಣಿ ಸ್ತಬ್ಧವಾಯಿತು. ಯಾರೋ ಮೂಗು ಸೀಟಿದರು. ರಾಜಿ ನೋಡಲು ಯಾರಿಗೂ ಅಷ್ಟು ಆಸಕ್ತಿಯಿರುವುದಿಲ್ಲ. ಜನ ಒಬ್ಬೊಬ್ಬರಾಗಿ ಒಳಗೆ ಹೋದರು, ತರಕಾರಿಯವನು ಗಾಡಿಯಿಂದ ಇಳಿದ. ಅನಸೂಯಾಳ ಅಂಗೈಯಲ್ಲಿ ಅಂಕಿ ಇಳಿಯತೊಡಗಿತು. ಅರವತ್ತಾರು. ಐವತ್ತೊಂದು. ಮೂವತ್ತೆಂಟು.

ಫೋನು ಹೊಡೆದುಕೊಂಡಿತು. “ಅಕ್ಕಾರ, ಏನಾತ್ರೀ? ಎಲ್ಲಾರೂ ಎಲ್ಲಿ ಹೋದ್ರು?”

“ರಾಜಿ ಆದ್ರವಾ.”

“ಈಗ್ಯಾಕ ಆದ್ರು!”

ಓಣಿಯ ತುದಿಯ ಕೋಣೆಯಲ್ಲಿ ವಿರೂಪಣ್ಣನ ರಕ್ತ ಅರ್ಧ ಒಳಗೆ, ಅರ್ಧ ಹೊರಗೆ ತಿರುಗುತ್ತಿತ್ತು. ಅನಸೂಯಾ ಆ ಕಡೆ ಒಮ್ಮೆ ನೋಡಿದಳು. ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ನಡುಬೀದಿಗೆ ಬಂದು, ಅಂಗನವಾಡಿಯ ಮಕ್ಕಳನ್ನು ಕರೆಯುವ ದನಿಯಲ್ಲಿ ಹೇಳಿದಳು:

“ಎಲ್ಲಾರೂ ಕೇಳ್ರಿ. ಬೆಲ್ಲದ ಮಾತು ದ್ಯಾಮಕ್ಕ ಆಡಿಲ್ಲ. ಎಣ್ಣಿ ಮಾತು ಕಾಶಕ್ಕ ಆಡಿಲ್ಲ. ಎರಡೂ ನಾ ಹುಟ್ಟಿಸಿ ಹೇಳಿದ್ದು.”

ಬಾಗಿಲುಗಳಲ್ಲಿ ತಲೆಗಳು ಮತ್ತೆ ಕಾಣಿಸಿದವು. ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹತ್ತು ದಿನದಲ್ಲಿ ಮೊದಲ ಬಾರಿ ಒಂದೇ ಕಡೆ ತಿರುಗಿದರು.

“ಏನಂದಿ?” ಎಂದಳು ಕಾಶಿಬಾಯಿ.

“ನೀನಾ? ಅನಸಿ, ನೀನಾ?” ಎಂದಳು ದ್ಯಾಮವ್ವ.

ಒಳಗೆ ಹೋದವರೆಲ್ಲ ಹೊರಗೆ ಬಂದರು. ಪಕ್ಕದ ಓಣಿಯವರೂ ಬಂದರು. ಅನಸವ್ವ ಚಾಡಿ ಹೇಳಿದಳು ಎಂಬ ಸುದ್ದಿಯ ಮುಂದೆ ಕಡಬಿನ ಜಗಳ ಮಕ್ಕಳಾಟ. ಗುಟ್ಟು ಹೇಳಿಕೊಂಡಿದ್ದ ಹುಡುಗಿಯರು ಬಾಯಿ ತೆರೆದು ನಿಂತರು. ಇಬ್ಬರು ಗೆಳತಿಯರು ಎರಡು ಕಡೆಯಿಂದ ಆಕೆಯನ್ನು ಹಿಡಿದು, ಕಂಬದಿಂದ ನಳದವರೆಗೆ, ನಳದಿಂದ ಕಂಬದವರೆಗೆ ದೂಡಿಕೊಂಡು ಅಡ್ಡಾಡಿಸಿದರು. ಅವಳ ಅಡುಗೆ ಬಂತು, ಅವಳ ನಡಿಗೆ ಬಂತು, ತರಬೇತಿಗೆ ಹೋಗುವಾಗ ಹಾಕಿಕೊಂಡಿದ್ದ ಬೂಟು ಬಂತು. ಅನಸೂಯಾಳ ಸೊಂಟದಲ್ಲಿ ಫೋನು ಒಂದೇ ಸಮ ನಡುಗುತ್ತಿತ್ತು. ಐವತ್ತೇಳು. ಎಪ್ಪತ್ತೊಂಬತ್ತು. ತೊಂಬತ್ತೊಂದು.

ಹನ್ನೊಂದು ಇಪ್ಪತ್ತರ ಸುಮಾರಿಗೆ, ಬೈಯುತ್ತ ಬೈಯುತ್ತ, ಕಾಶಿಬಾಯಿ ಅವಳ ಕಿವಿಯ ಹತ್ತಿರ ಬಗ್ಗಿದಳು.

“ಇನ್ನ ಎಷ್ಟೊತ್ತು ಉಳದೈತಿ?”

ಅನಸೂಯಾ ಆಕೆಯ ಮುಖ ನೋಡಿದಳು. “ನಲವತ್ತು ನಿಮಿಷ, ಕಾಶಕ್ಕಾ.”

“ಕೇಳಿದೇನ ದ್ಯಾಮಿ, ಇನ್ನೂ ನಲವತ್ತು ನಿಮಿಷಂತ.”

“ಆಗಲೇಳು,” ಎಂದಳು ದ್ಯಾಮವ್ವ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. “ಇಕಿ ಮದುವಿ ವಿಷಯ ನಾವಿನ್ನೂ ಎತ್ತೇ ಇಲ್ಲ.” ಆಮೇಲೆ ಇಡೀ ಓಣಿಗೆ ಕೇಳುವಂತೆ: “ಮದುವ್ಯಾಗ ಇಕಿ ಅಪ್ಪ ಬುಂದೇದ ಲಾಡು ಎಣಿಸಿ ನೀಡಿಸಿದ್ದ, ಗೊತ್ತೈತೇನ್ರವಾ?”

ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಹತ್ತಿರ ಬಂದರು.

ಹನ್ನೆರಡು ಗಂಟೆ ಆರು ನಿಮಿಷಕ್ಕೆ ನರ್ಸು ವಿರೂಪಣ್ಣನ ಕೈಯಿಂದ ಸೂಜಿ ತೆಗೆದಳು. ತೂಕ ಎರಡು ಕಿಲೋ ಇಳಿದಿತ್ತು, ರಕ್ತದೊತ್ತಡ ಸರಿಯಿತ್ತು. ಬಣಗಾರ ಓಣಿಯ ಸಂಪರ್ಕವನ್ನು ಕಡಿಯಲಿಲ್ಲ.